ಗಣಿತದೊಳಗೊಂದು ಕಡಲು

ಕಡಲನ್ನು ಕಾಯಿಸಿ ತಣಿಸಿ ನೋಡುವ ಪಾತ್ರೆ ಯಾರಲ್ಲಿದೆ? ಆದುದರಿಂದ ವಿಜ್ಞಾನಿಗಳು ಗಾಳಿ, ನೀರು, ಬಿಸಿಲುಗಳ ನಿಯಮಗಳನ್ನು ಸಮೀಕರಣಗಳಾಗಿ ಬರೆದು, ಗಣಕಯಂತ್ರದಲ್ಲಿ ಭೂಮಿಯ ಮಾದರಿಯೊಂದನ್ನು ಕಟ್ಟುತ್ತಾರೆ.

ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಸ್ಯುಕುರೊ ಮನಾಬೆ ಒಬ್ಬರು. ಅವರು 1931ರಲ್ಲಿ ಜಪಾನಿನ ವೈದ್ಯರ ಮನೆತನವೊಂದರಲ್ಲಿ ಜನಿಸಿದರು. 1958ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರೂ, ಯುದ್ಧದಿಂದ ಬಳಲಿದ್ದ ಆ ನಾಡಿನಲ್ಲಿ ತಕ್ಕ ಉದ್ಯೋಗ ದೊರೆಯುವುದು ಕಷ್ಟವಾಗಿತ್ತು. ಅವರ ಲೇಖನಗಳನ್ನು ಓದಿ ಮೆಚ್ಚಿದ ಜೋಸೆಫ್ ಸ್ಮಗೊರಿನ್ಸ್ಕಿ ಅವರನ್ನು ಅಮೆರಿಕದ ಹವಾಮಾನ ಇಲಾಖೆಗೆ ಕರೆಸಿಕೊಂಡರು. ಆ ಹಿರಿಯರು ತರುಣನಿಗೆ ಸಂಬಳದೊಡನೆ ಗಣಕಯಂತ್ರವನ್ನೂ, ಅದಕ್ಕಿಂತ ಅಪರೂಪವಾದ ಕಾಲಾವಕಾಶವನ್ನೂ ಒದಗಿಸಿದರು.

ಹಿರಿಯ ಫಲ ದೊರೆಯಲು ಒಂಬತ್ತು ವರ್ಷ ಹಿಡಿಯಿತು. ವಾಯುಮಂಡಲದ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿಯ ಉಷ್ಣತೆ 2 ಡಿಗ್ರಿ ಸೆಲ್ಸಿಯಸಿಗಿಂತ ತುಸು ಹೆಚ್ಚು ಏರುವುದೆಂದು 1967ರಲ್ಲಿ ಮನಾಬೆಯವರು ರಿಚರ್ಡ್ ವೆದರಾಲ್ಡರೊಡನೆ ಲೆಕ್ಕಹಾಕಿ ತೋರಿಸಿದರು. ಆ ಲೆಕ್ಕದಲ್ಲಿ ಕಡಲಿನ ಪ್ರವಾಹಗಳಿರಲಿಲ್ಲ. ಕಡಲನ್ನು ಬಲ್ಲ ಕರ್ಕ್ ಬ್ರಯನ್ ಅದೇ ಪ್ರಯೋಗಾಲಯದಲ್ಲಿದ್ದುದು ಭಾಗ್ಯವೇ ಸರಿ. 1969ರಲ್ಲಿ ಇಬ್ಬರೂ ಸೇರಿ ಗಾಳಿಯನ್ನೂ ಕಡಲನ್ನೂ ಒಂದೇ ಮಾದರಿಯಲ್ಲಿ ಬೆಸೆದರು. ಅದರ ನೆಲಜಲಗಳ ಹಂಚಿಕೆ ನಮ್ಮ ಭೂಪಟವನ್ನು ಹೋಲುತ್ತಿರಲಿಲ್ಲ. ಆದರೂ ಬಿಸಿಯನ್ನು ಹೊತ್ತು ಹರಿಯುವ ಕಡಲು ಮೊದಲ ಸಲ ಲೆಕ್ಕದೊಳಗೆ ಸೇರಿತು.

ಈ ದುಡಿಮೆಗಾಗಿ ಮನಾಬೆಯವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದುದು 2021ರಲ್ಲಿ, 90ರ ವಯಸ್ಸಿನಲ್ಲಿ.