ನಾಯಿಗೆ ಹಸಿ ಮಾಂಸ ಹಾಕುವ ಮುನ್ನ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಮುದ್ದೆ, ಅನ್ನ, ಮಜ್ಜಿಗೆ ತಿಂದೇ ನಾಯಿಗಳು ಬೆಳೆದಿವೆ. ಅದರಿಂದ ಏನೋ ಕಡಿಮೆಯಾಯಿತು ಎಂದು ಕೊರಗಬೇಕಿಲ್ಲ. ತೋಳಕ್ಕಿಂತ ನಾಯಿಗೆ ಪಿಷ್ಟ ಜೀರ್ಣಿಸುವ ಶಕ್ತಿ ಹೆಚ್ಚು ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ವಂಶವಾಹಿಗಳಿಂದಲೇ ತೋರಿಸಿದ್ದಾರೆ. ಇನ್ನು ಅಮೆರಿಕದ ಪಶುವೈದ್ಯರ ಸಂಘ 2012ರಿಂದಲೂ ಹಸಿ ಮಾಂಸ ಬೇಡ ಎನ್ನುತ್ತಿದೆ. ಇಷ್ಟು ತಿಳಿದೂ ಹಾಕಬೇಕೆನ್ನುವವರು ಕ್ರಮವಾಗಿ ಹಾಕಲಿ.

ನನ್ನ ದೊಡ್ಡ ಆತಂಕ ಮಟನ್ ಅಂಗಡಿಯಲ್ಲಿ ಸಿಗುವ ಕುರಿ, ಮೇಕೆಯ ಲಿವರ್ ಮತ್ತು ಶ್ವಾಸಕೋಶದ ಬಗ್ಗೆ. ಅವುಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಇದು ಹೈಡಾಟಿಡ್ ರೋಗ. ಇಂಥ ಚೂರನ್ನು ಹಸಿಯಾಗಿ ತಿಂದ ನಾಯಿಯ ಕರುಳಲ್ಲಿ ಪುಟ್ಟ ಲಾಡಿಹುಳು ಬೆಳೆದು, ಆರೇಳು ವಾರಕ್ಕೆ ಮಲದಲ್ಲಿ ಮೊಟ್ಟೆ ಬೀಳತೊಡಗುತ್ತದೆ. ನಾಯಿ ಮಾತ್ರ ಗಟ್ಟಿಮುಟ್ಟಾಗಿಯೇ ಕಾಣುತ್ತದೆ! ಅದರ ಮೈ ಸವರಿದ ಮಗು ಕೈ ತೊಳೆಯದೆ ಉಂಡರೆ ಮೊಟ್ಟೆ ಹೊಟ್ಟೆ ಸೇರುತ್ತದೆ, ಆ ಮಗುವಿನ ಲಿವರ್‌ನಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಗುಳ್ಳೆ ಬೆಳೆಯುತ್ತದೆ. ಆದ್ದರಿಂದ ಕುರಿ, ಮೇಕೆಯ ಒಳಾಂಗಗಳನ್ನು ಚೆನ್ನಾಗಿ ಬೇಯಿಸಿಯೇ ಹಾಕಿ. ಸತ್ತ ದನದ ಮಾಂಸ ಬೇಡವೇ ಬೇಡ.

ಮೊದಲು ಪಶು ಆಸ್ಪತ್ರೆಗೆ ಕರೆದೊಯ್ದು ತೂಕ ನೋಡಿಸಿ. ಪ್ರಾಜಿಕ್ವಾಂಟೆಲ್ ಇರುವ ಜಂತುಹುಳು ಮಾತ್ರೆ ಹಾಕಿಸಿ, ಮತ್ತೆ ಯಾವಾಗ ಹಾಕಬೇಕೆಂದು ಕೇಳಿಕೊಳ್ಳಿ. ಮರಿಗಳಿಗೆ, ಗಬ್ಬದ ನಾಯಿಗೆ, ಕಿಡ್ನಿ ತೊಂದರೆ ಇರುವುದಕ್ಕೆ ಹಸಿ ಮಾಂಸ ಬೇಡ. ಮನೆಯಲ್ಲಿ ಹಸುಗೂಸು ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೂ ಬೇಡ.

ಶುರು ಮಾಡುವುದು ಮೂಳೆಯಿಲ್ಲದ ಕೋಳಿಯಿಂದ. ಮೂರು ದಿನ ಊಟದ ಕಾಲುಭಾಗ, ಮತ್ತೆ ಮೂರು ದಿನ ಅರ್ಧ, ಆಮೇಲೆ ಮುಕ್ಕಾಲು. ಭೇದಿಯಾದರೆ ಹಿಂದಿನ ಹಂತಕ್ಕೆ ಮರಳಿ. ಹೊಟ್ಟೆ ಒಗ್ಗಿದ ಮೇಲೆ ಕೋಳಿ ಕತ್ತು, ಅದೂ ಅರಗಿದರೆ ಕೋಳಿ ಲಿವರ್ ಚೂರು.

ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ಶೇ. 2ರಿಂದ 3ರಷ್ಟು ಆಹಾರ ಸಾಕು. 20 ಕಿಲೋ ನಾಯಿಗೆ ಸುಮಾರು 500 ಗ್ರಾಂ: ಮಾಂಸ 400, ಮೂಳೆ 50, ಲಿವರ್ 25, ಬೇರೆ ಒಳಾಂಗ 25. ಕೋಳಿ ಕತ್ತಿನಲ್ಲಿ ಮೂರನೇ ಒಂದು ಪಾಲು ಮೂಳೆ ಇರುವುದರಿಂದ 150 ಗ್ರಾಂ ಕತ್ತು ಹಾಕಿದರೆ ಮೂಳೆಯ ಲೆಕ್ಕ ಸರಿಹೋಗುತ್ತದೆ, ಜೊತೆಗೆ 100 ಗ್ರಾಂ ಮಾಂಸವೂ ಸಿಕ್ಕಂತಾಯಿತು. ಲಿವರ್ ಅತಿಯಾದರೆ ಎ ಜೀವಸತ್ವ ಮೈಯಲ್ಲಿ ಸೇರಿ ತೊಂದರೆ ಕೊಡುತ್ತದೆ. ಬೇಯಿಸಿದ ಮೂಳೆ ಸಿಬಿರಾಗಿ ಒಡೆದು ಕರುಳು ಚುಚ್ಚುತ್ತದೆ. ಸಾರಿನಲ್ಲಿ ಬೆಂದ ಚೂರು ಬೇಡ, ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತದೆ. ಅವೆರಡೂ ನಾಯಿಗೆ ವಿಷ.

ಫ್ರೀಜರ್‌ನಲ್ಲಿಟ್ಟರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. ಅದಕ್ಕೇ ಬೇರೆ ಚಾಕು, ಬೇರೆ ಡಬ್ಬಿ ಇರಲಿ, ಮಾಂಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಕರೆಂಟ್ ಹೋಗಿ ಮಾಂಸ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಎಸೆಯಿರಿ. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲಿ ನಾಯಿಗೆ ಹಗಲಲ್ಲೇ, ಮನೆಯೊಳಗೇ ಉಣಿಸಿ. ಹಿತ್ತಲಲ್ಲಿ ಉಳಿದ ಚೂರಿನ ವಾಸನೆಗೆ ಚಿರತೆ ಬಂದೀತು.

ಮಲ ಸುಣ್ಣದ ಹಾಗೆ ಬೆಳ್ಳಗೆ, ಗಟ್ಟಿಯಾಗಿದ್ದರೆ ಮೂಳೆ ಹೆಚ್ಚಾಗಿದೆ ಎಂದರ್ಥ, ಕಡಿಮೆ ಮಾಡಿ. ರಕ್ತ ಕಂಡರೆ, ಪದೇಪದೇ ವಾಂತಿಯಾದರೆ, ಹೊಟ್ಟೆ ಉಬ್ಬಿದರೆ ಮನೆಮದ್ದು ಮಾಡುತ್ತ ಕೂರದೆ ಅಂದೇ ವೈದ್ಯರ ಬಳಿ ಹೋಗಿ.