‘ಅಡ್ಜಸ್ಟ್’: ಎಲ್ಲಿ ಬೇಕು, ಎಲ್ಲಿ ಬೇಡ

ಮಾರಿಕುಪ್ಪಂನಿಂದ ಹೊರಟ ಬೆಂಗಳೂರು ರೈಲು ಚಾಂಪಿಯನ್ ದಾಟಿ ಉರಿಗಾಂಗೆ ಬರುವಷ್ಟರಲ್ಲಿ ಮೂವರ ಸೀಟಿನಲ್ಲಿ ನಾಲ್ವರಿರುತ್ತಾರೆ. ನಾಲ್ಕನೆಯವರು ಹೇಳಿದ್ದಿಷ್ಟೇ: “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.” ತಮಿಳಿನವರು ‘ಕೊಂಜಂ’ ಅನ್ನುತ್ತಾರೆ, ತೆಲುಗಿನವರು ‘ಕೊಂಚೆಂ’, ಅಡ್ಜಸ್ಟ್ ಮಾತ್ರ ಮೂವರಿಗೂ ಒಂದೇ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಮನೆಗಳಿಗೆ ಬೆಂಗಳೂರಿನ ಕೆಲಸವೇ ಆಧಾರ. ಸೀಟು ಕೊಡಿಸಿದ ಮಾತು ಕೆಲಸದ ಜಾಗಕ್ಕೂ ಬೆನ್ನು ಹತ್ತಿದರೆ ನಿಮ್ಮ ಹೆಸರು ಕೆಡುತ್ತದೆ.

1. ರೈಲಿನಲ್ಲಿ ಧಾರಾಳವಾಗಿ ಬಳಸಿ. ಗೇಣು ಜಾಗ ಕೇಳಲು ಇದಕ್ಕಿಂತ ಒಳ್ಳೆಯ ಮಾತಿಲ್ಲ. ಬಂಗಾರಪೇಟೆಯಲ್ಲಿ ಹತ್ತಿದವರು ಕೇಳಿದಾಗ ನೀವೂ ಸರಿಯಿರಿ.

2. ಮೇಲಧಿಕಾರಿಯ ಮುಂದೆ ಲೆಕ್ಕ ಹೇಳಿ. “ಅಡ್ಜಸ್ಟ್ ಮಾಡಿ ಸರ್” ಅಂದರೆ ಅರ್ಧ ಗಂಟೆಯ ತಡವೋ, ಎರಡು ದಿನದ ರಜೆಯೋ, ಸಂಬಳದ ಮುಂಗಡವೋ? “ರೈಲು ವೈಟ್‌ಫೀಲ್ಡ್‌ನಲ್ಲಿ ನಿಂತಿದೆ, ಒಂಬತ್ತೂವರೆಗೆ ಬರ್ತೀನಿ” ಅನ್ನಿ. ಆಗ ಅವರು ಅಷ್ಟು ಹೊತ್ತಿಗೆ ನಿಮ್ಮ ಕೆಲಸಕ್ಕೆ ಬೇರೆಯವರನ್ನು ನಿಲ್ಲಿಸಿಕೊಳ್ಳಬಹುದು.

3. ಜೀವದ ವಿಷಯದಲ್ಲಿ ಈ ಪದಕ್ಕೆ ಪ್ರವೇಶವಿಲ್ಲ. ನಿಮ್ಮ ತಾತಂದಿರು ದುಡಿದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳದ್ದು. ಗಣಿಯಲ್ಲಿ ಕಾರ್ಮಿಕರನ್ನು ಹೊತ್ತ ಕೇಜ್ ಇಳಿಸುವುದಕ್ಕೂ ಏರಿಸುವುದಕ್ಕೂ ಗಂಟೆಯ ಸಂಕೇತ. ಇಂತಿಷ್ಟು ಹೊಡೆತಕ್ಕೆ ಇಂಥದೇ ಅರ್ಥ. ಒಂದು ಹೊಡೆತ ಹೆಚ್ಚೋ ಕಮ್ಮಿಯೋ ಆದರೆ ‘ಪರವಾಗಿಲ್ಲ’ ಅನ್ನುವ ಹಾಗಿರಲಿಲ್ಲ. ಆ ಶಿಸ್ತಿನಲ್ಲಿ ಬೆಳೆದ ಊರಿನವರು ಸವೆದ ಬ್ರೇಕಿಗೂ ಸುಲಿದ ವೈರಿಗೂ ‘ಅಡ್ಜಸ್ಟ್ ಆಗುತ್ತೆ ಬಿಡಿ’ ಅನ್ನುವುದು ನನಗಂತೂ ಸಹಿಸಲಾಗದು.

4. ಸಂಬಳದ ವಿಷಯದಲ್ಲಿ ಮಾಲೀಕರೇ “ಅಡ್ಜಸ್ಟ್ ಮಾಡ್ಕೊಳ್ಳಿ” ಅಂದರೆ “ಎಷ್ಟು ತಿಂಗಳು?” ಎಂದು ಕೇಳಿ. ಉತ್ತರವನ್ನು ಬರೆದಿಟ್ಟುಕೊಳ್ಳಿ.

5. ಮನೆಯಲ್ಲಿ ಪಾಳಿ ಬದಲಿಸಿ. “ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ” ಎಂಬ ಉಪದೇಶ ಮಗಳಿಗೆ, ಸೊಸೆಗೆ ಮಾತ್ರ ಏಕೆ? ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿ, ತಾನೂ ಅದೇ ರೈಲು ಹಿಡಿದು ಗಾರ್ಮೆಂಟ್ಸ್‌ಗೆ ಹೋಗಿ, ರಾತ್ರಿ ಬಂದು ಒಲೆ ಹಚ್ಚುವವಳು ಇನ್ನೆಲ್ಲಿ ಸರಿಯಬೇಕು? ಈ ಪದದ ಅತಿ ಕೆಟ್ಟ ಬಳಕೆ ಇದೇ. ಹೇಳುವ ಗಂಡಸರು ಒಂದು ದಿನ ಬುತ್ತಿ ಕಟ್ಟಿ ನೋಡಲಿ.

6. ಸರ್ಕಾರಿ ಕಚೇರಿಯ ಕಿಟಕಿಯಲ್ಲಿ “ಏನಾದ್ರೂ ಅಡ್ಜಸ್ಟ್ ಮಾಡಿ” ಎಂದು ಲಂಚ ಕೇಳಿದರೆ ರಸೀದಿ ಕೇಳಿ. ರಸೀದಿಯಿಲ್ಲ ಅಂದರೆ ಲೋಕಾಯುಕ್ತಕ್ಕೆ ದೂರು ಕೊಡಿ.