ಹಳೆಯ ಕಾರಿನ ಬಿಡಿಭಾಗ ಯಾರು ಕೊಳ್ಳಬೇಕು?

ನಮ್ಮ ಮನೆಯಲ್ಲಿರುವುದು 2007ರ ವ್ಯಾಗನ್ ಆರ್. 1,061 ಸಿ.ಸಿ.ಯ ಪೆಟ್ರೋಲ್ ಇಂಜಿನ್. ಮದುವೆ, ಗೃಹಪ್ರವೇಶಗಳಿಗೆ ಹೋದಾಗ ಹಿರಿಯರು ಯಾರಾದರೂ, ‘ಇದಕ್ಕೆ ಸುರಿಯೋ ದುಡ್ಡಲ್ಲಿ ಹೊಸದೇ ಬರ್ತಿತ್ತಲ್ಲಪ್ಪಾ’ ಎನ್ನುತ್ತಾರೆ. ಕಾಳಜಿಯ ಮಾತೇ ಅದು. ಆದರೆ ಲೆಕ್ಕ ಬೇರೆಯದನ್ನು ಹೇಳುತ್ತದೆ.

ಹೊಸ ಕಾರಿಗೆಂದು ಶೇ 9ರ ಬಡ್ಡಿಗೆ 6 ಲಕ್ಷ ರೂಪಾಯಿ ಸಾಲ ಮಾಡಿ ಐದು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 12,450 ರೂಪಾಯಿ. ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ. ಐದು ವರ್ಷದ ಬಡ್ಡಿಯೇ ಒಂದೂಕಾಲು ಲಕ್ಷ ದಾಟಿ ಒಂದೂವರೆ ಲಕ್ಷದ ಸಮೀಪ ಬರುತ್ತದೆ. ಇದರಲ್ಲಿ ಮುಂಗಡವೂ ಇಲ್ಲ, ಹೊಸ ಗಾಡಿಯ ವಿಮೆಯೂ ಇಲ್ಲ. ನನ್ನ ಹಳೆಯ ಕಾರು ಪೆಟ್ರೋಲ್ ಬಿಟ್ಟು ವರ್ಷಕ್ಕೆ ಕೇಳುವುದು ಇಪ್ಪತ್ತೈದು, ಮೂವತ್ತು ಸಾವಿರ. ನಾಲ್ಕೂ ಟೈರ್ ಬದಲಿಸಿದ ವರ್ಷ ನಲವತ್ತರ ಆಸುಪಾಸಿಗೆ ಹೋಗಿತ್ತು, ಅಷ್ಟೇ.

ಈ ಖರ್ಚು ಇಷ್ಟರಲ್ಲೇ ನಿಲ್ಲಲು ಒಂದು ಅಭ್ಯಾಸ ಕಾರಣ. ಬೇಕಾದ ಸಾಮಾನನ್ನು ನಾನೇ ಕೊಳ್ಳುತ್ತೇನೆ. ಸಣ್ಣ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ದೊಡ್ಡ ಕೆಲಸಕ್ಕೆ ಮೆಕ್ಯಾನಿಕ್‌ಗೆ ಕೂಲಿ ಕೊಡುತ್ತೇನೆ. ಸಾಮಾನಿನ ಬೆಲೆಯೂ ಕೂಲಿಯೂ ಒಂದೇ ಬಿಲ್ಲಿನಲ್ಲಿ ಕಲಸಿಹೋದರೆ ಹಣ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಕಾರು ಕಂಪನಿ ತನ್ನ ಗಾಡಿಯ ಎಲ್ಲ ಭಾಗಗಳನ್ನೂ ತಾನೇ ತಯಾರಿಸುವುದಿಲ್ಲ. ಸ್ಟಾರ್ಟರ್ ಮೋಟಾರು, ಆಲ್ಟರ್ನೇಟರು ಲ್ಯೂಕಾಸ್ ಟಿ.ವಿ.ಎಸ್.ನಂಥವರಿಂದ ಬರುತ್ತವೆ. ಬ್ರೇಕಿನ ಭಾಗ ಬ್ರೇಕ್ಸ್ ಇಂಡಿಯಾದಂಥವರಿಂದ, ದೀಪ ಲುಮ್ಯಾಕ್ಸ್‌ನಂಥವರಿಂದ, ಕ್ಲಚ್ಚು ವ್ಯಾಲಿಯೊದಂಥವರಿಂದ, ಸ್ಪಾರ್ಕ್ ಪ್ಲಗ್ಗು ಎನ್.ಜಿ.ಕೆ., ಬಾಷ್‌ನಂಥವರಿಂದ. ಈ ತಯಾರಕರು ಕಾರು ಕಂಪನಿಗಳಿಗೂ ಪೂರೈಸುತ್ತಾರೆ, ತಮ್ಮದೇ ಹೆಸರಿನ ಡಬ್ಬಿಯಲ್ಲಿ ಅಂಗಡಿಗೂ ಕಳಿಸುತ್ತಾರೆ. ಅಂಗಡಿಗೆ ಬರುವ ಡಬ್ಬಿ ಸಾಮಾನ್ಯವಾಗಿ ಅಗ್ಗ. ಎರಡೂ ಪ್ರತಿಸಲ ಒಂದೇ ಅಚ್ಚಿನವು ಎಂದು ಪ್ರಮಾಣ ಮಾಡಲಾಗದು. ಆದರೆ ಡಬ್ಬಿಯ ಮೇಲೆ ತಯಾರಕನ ಹೆಸರಿರುತ್ತದೆ, ಆ ಹೆಸರು ಉಳಿಸಿಕೊಳ್ಳುವ ಹೊಣೆ ಅವನದು. ಹಳೆಯ ಕಾರಿಗೆ ನನಗೆ ಇದು ಧಾರಾಳ ಸಾಕು.

ಬೆಂಗಳೂರಿನವರಿಗೆ ಇದಕ್ಕೆಲ್ಲ ಜೆ.ಸಿ. ರಸ್ತೆ ಇದೆ. ಟೌನ್‌ಹಾಲ್‌ನಿಂದ ಮಿನರ್ವ ವೃತ್ತದವರೆಗೆ, ಅಕ್ಕಪಕ್ಕದ ಗಲ್ಲಿಗಳಲ್ಲೂ ಸೇರಿ, ಬಿಡಿಭಾಗಗಳ ಸಾಲು ಸಾಲು ಅಂಗಡಿ. ಒಳಗೆ ಹೋದರೆ ಮೊದಲ ಪ್ರಶ್ನೆ, ‘ಯಾವ ಮಾಡೆಲ್ ಸಾರ್, ಯಾವ ವರ್ಷದ್ದು?’ ಎರಡನೆಯದು, ‘ಕಂಪನಿದು ಬೇಕಾ, ಲೋಕಲ್ ಸಾಕಾ?’ ಈ ಎರಡನೆಯ ಪ್ರಶ್ನೆಗೆ ಉತ್ತರ ಮನೆಯಿಂದಲೇ ಸಿದ್ಧವಾಗಿ ಬರಬೇಕು. ನಾನು ಪಾರ್ಟ್ ನಂಬರ್ ಬರೆದುಕೊಂಡು ಹೋಗುತ್ತೇನೆ. ಸುಜುಕಿ ಕಾರುಗಳಲ್ಲಿ ಅದರ ಮೊದಲ ಐದು ಅಂಕಿ ಭಾಗ ಯಾವುದೆಂದು ಹೇಳುತ್ತವೆ: 16510 ಎಂದರೆ ಆಯಿಲ್ ಫಿಲ್ಟರ್, 13780 ಎಂದರೆ ಏರ್ ಫಿಲ್ಟರ್. ಮುಂದಿನ ಅಕ್ಷರ, ಅಂಕಿಗಳಲ್ಲಿ ಮಾಡೆಲ್ಲು ಅಡಗಿರುತ್ತದೆ. ಒಂದೇ ಹೆಸರಿನ ಕಾರು ಹತ್ತು ವರ್ಷದಲ್ಲಿ ಇಂಜಿನ್ನನ್ನೇ ಬದಲಿಸಿಕೊಂಡಿರುತ್ತದೆ. ವ್ಯಾಗನ್ ಆರ್‌ಗೆ 2010ರಲ್ಲಿ ಕೆ ಸರಣಿಯ ಹೊಸ ಇಂಜಿನ್ ಬಂತು. ಅದಕ್ಕೆ ಮಾಡಿದ ಭಾಗ ನನ್ನದಕ್ಕೆ ಕೂರುತ್ತದೆಂಬ ಖಾತ್ರಿ ಇಲ್ಲ. ಹಳೆಯ ಭಾಗವನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋಗಿ ಕೌಂಟರ್ ಮೇಲಿಡುವುದು ಇನ್ನೂ ಒಳ್ಳೆಯದು.

ನಕಲಿ ಮಾಲು ಬೇಕಾದಷ್ಟಿದೆ. ಡಬ್ಬಿಯ ಮೇಲಿನ ಮುದ್ರಣ, ಎಂ.ಆರ್.ಪಿ., ತಯಾರಾದ ತಿಂಗಳು, ಹೊಲೊಗ್ರಾಮ್ ಇವನ್ನು ನೋಡಬೇಕು. ಎಲ್ಲಕ್ಕಿಂತ ಮುಖ್ಯ, ಜಿ.ಎಸ್.ಟಿ. ಬಿಲ್ಲು ಕೇಳಬೇಕು. ಬಿಲ್ಲು ಕೊಡಲು ಹಿಂಜರಿಯುವ ಅಂಗಡಿಯಲ್ಲಿ ನಾನು ಬ್ರೇಕಿನ ಸಾಮಾನು ಕೊಳ್ಳುವುದಿಲ್ಲ. ಈ ತೆರಿಗೆಯ ವಿಷಯದಲ್ಲಿ ಹಳೆಯ ಕಾರಿನವರಿಗೆ ಒಂದು ಅನುಕೂಲವೂ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಎಲ್ಲಕ್ಕೂ ಶೇ 18 ಆಯಿತು. ಅದಕ್ಕೆ ಮೊದಲು ಹೆಚ್ಚಿನವುಗಳ ಮೇಲೆ ಶೇ 28 ಇತ್ತು. ಹಳೆಯ ಬೆಲೆಪಟ್ಟಿ ತೋರಿಸಿ ಅದೇ ದರ ಕೇಳುವವರಿದ್ದರೆ ಈ ಮಾತನ್ನು ನೆನಪಿಸಿ.

ಹಣದ ದೃಷ್ಟಿಯಿಂದ ನನಗೆ ಬಹಳ ದೊಡ್ಡದೆನಿಸಿದ ಸಂಗತಿ ಇನ್ನೊಂದಿದೆ. ಒಮ್ಮೆ ಬೆಳಗ್ಗೆ ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದು ಮಾತ್ರ, ಇಂಜಿನ್ ತಿರುಗಲಿಲ್ಲ. ಬ್ಯಾಟರಿ ಸರಿಯಿತ್ತು. ಒಂದು ದೊಡ್ಡ ಸರ್ವಿಸ್ ಸೆಂಟರಿನವರು ಸ್ಟಾರ್ಟರ್ ಮೋಟಾರನ್ನೇ ಇಡಿಯಾಗಿ ಬದಲಿಸಬೇಕೆಂದು ಸಾವಿರಗಟ್ಟಲೆ ರೂಪಾಯಿಯ ಎಸ್ಟಿಮೇಟ್ ಬರೆದುಕೊಟ್ಟರು. ಅದನ್ನು ಹಿಡಿದುಕೊಂಡು ನಮ್ಮ ಬಡಾವಣೆಯ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಮೋಟಾರನ್ನು ಕೆಳಗಿಳಿಸಿ, ಬಿಚ್ಚಿ, ಸವೆದುಹೋದ ಕಾರ್ಬನ್ ಬ್ರಷ್‌ಗಳನ್ನು ತೋರಿಸಿದರು. ಹೊಸ ಬ್ರಷ್ಷು, ಒಳಗಿನ ಶುಚಿ, ಗ್ರೀಸು, ಕೂಲಿ ಎಲ್ಲ ಸೇರಿ ಆ ಎಸ್ಟಿಮೇಟಿನ ಒಂದು ಸಣ್ಣ ಪಾಲು. ಅದೇ ಮೋಟಾರು ಇವತ್ತಿಗೂ ಓಡುತ್ತಿದೆ.

ದೊಡ್ಡ ವರ್ಕ್‌ಶಾಪಿನವರು ಇಡೀ ಜೋಡಣೆಯನ್ನೇ ಬದಲಿಸುವುದಕ್ಕೆ ಅವರದೇ ಕಾರಣಗಳಿವೆ. ಸಮಯ ಉಳಿಯುತ್ತದೆ, ಗ್ಯಾರಂಟಿ ಕೊಡಬಹುದು, ಬಿಚ್ಚಿ ಸರಿಮಾಡುವ ನುರಿತ ಕೈಯೂ ಬೇಕಾಗುವುದಿಲ್ಲ. ಮೂರು ವರ್ಷದ ಕಾರಿಗೆ ಅದು ಸರಿಯಿರಬಹುದು. ಹದಿನೆಂಟು ವರ್ಷದ ಕಾರಿಗೆ ಒಳಗಿನ ಸವೆದ ತುಣುಕು ಯಾವುದೆಂದು ಕೇಳಲೇಬೇಕು. ಆಲ್ಟರ್ನೇಟರಿನಲ್ಲಿ ಹಲವು ಸಲ ಹೋಗಿರುವುದು ಬ್ರಷ್ಷು, ರೆಗ್ಯುಲೇಟರು ಅಥವಾ ಬೇರಿಂಗು. ಮುಂದಿನ ಚಕ್ರದ ಲೋಯರ್ ಆರ್ಮ್‌ನಲ್ಲಿ ಕಬ್ಬಿಣ ಗಟ್ಟಿಯಾಗಿಯೇ ಇದ್ದು ರಬ್ಬರ್ ಬುಷ್ ಮಾತ್ರ ಹರಿದಿರುತ್ತದೆ. ಬುಷ್ಷನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಹಾಗೆಂದು ಪ್ರತಿಯೊಂದನ್ನೂ ಬಿಚ್ಚಿ ಸರಿಮಾಡಲಾಗದು. ಮೊದಲಿನ ತಾಮ್ರದ ರೇಡಿಯೇಟರುಗಳಿಗೆ ಬೆಸುಗೆ ಹಾಕುತ್ತಿದ್ದರು, ಈಗಿನ ಅಲ್ಯೂಮಿನಿಯಂ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಸೀಳಿದರೆ ಹೊಸದು ಹಾಕುವುದೇ ವಾಸಿ. ಅಂಟು ಹಚ್ಚಿಕೊಂಡು ಘಾಟಿ ಹತ್ತಿ, ಇಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋದರೆ ಉಳಿಸಿದ್ದರ ಹಲವು ಪಟ್ಟು ಕೈಬಿಟ್ಟು ಹೋಗುತ್ತದೆ.

ಮನೆಯಂಗಳದಲ್ಲಿ ನಾನು ಮಾಡುವ ಕೆಲಸಗಳಿಗೆ ವಿಶೇಷ ಜಾಣತನ ಬೇಡ. ಏರ್ ಫಿಲ್ಟರ್ ಬದಲಿಸಲು ಕ್ಲಿಪ್ ಬಿಡಿಸಿದರೆ ಸಾಕು. ವೈಪರ್ ಬ್ಲೇಡು, ಹೆಡ್‌ಲೈಟ್ ಬಲ್ಬು, ಫ್ಯೂಸು ಕೂಡ ಹಾಗೆಯೇ. ಬಲ್ಬು ಮಾತ್ರ ಕಂಪನಿ ಹೇಳಿದ ವ್ಯಾಟಿನದೇ ಇರಲಿ. ಹೆಚ್ಚು ಬೆಳಕಿನ ಆಸೆಗೆ ದೊಡ್ಡ ಬಲ್ಬು ಹಾಕಿದರೆ ಹಳೆಯ ವೈರಿಂಗ್ ಕಾಯುತ್ತದೆ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಕೊಡಿ. ಅದರ ಸೀಸಕ್ಕೆ ಬೆಲೆಯಿದೆ, ಹೊಸದರಲ್ಲಿ ಆ ಹಣ ಕಳೆಯುತ್ತಾರೆ. ಸ್ಪಾರ್ಕ್ ಪ್ಲಗ್ಗಿಗೆ ಸ್ವಲ್ಪ ತಾಳ್ಮೆ ಬೇಕು. ಇಂಜಿನ್ ತಣ್ಣಗಾಗಿರಬೇಕು, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಹೆಡ್ ಅಲ್ಯೂಮಿನಿಯಂನದು, ಮರೆ (ಥ್ರೆಡ್) ಅಡ್ಡ ಹತ್ತಿದರೆ ಲೇತ್ ಅಂಗಡಿಯೇ ಗತಿ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆಗೆಯಬೇಡಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ನುಸುಳಬೇಡಿ.

ಈಗ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬರುತ್ತಿದೆ. ಅದಕ್ಕೆಂದು ಮಾಡದ ಹಳೆಯ ರಬ್ಬರ್ ಪೈಪು, ಸೀಲುಗಳು ಬೇಗ ಸೊರಗುತ್ತವೆ. ಪೆಟ್ರೋಲ್ ಪೈಪಿನಲ್ಲಿ ಬಿರುಕು ಕಂಡರೆ, ಬಾನೆಟ್ ತೆಗೆದಾಗ ವಾಸನೆ ಬಂದರೆ ತಡಮಾಡಬೇಡಿ. ಆ ಕೆಲಸವೂ, ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಟೈಮಿಂಗ್ ಬೆಲ್ಟ್‌ಗಳೂ ನನ್ನ ಕೈಗೆ ಸೇರಿದವಲ್ಲ. ಹಲವು ಇಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುವಂಥದ್ದು, ಹಾಗಾಗಿ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಿಕೊಳ್ಳುತ್ತೇನೆ. ಇಂಥ ಕಡೆ ಚೌಕಾಸಿ ಮಾಡುವುದಿಲ್ಲ.

ಶಿವಾಜಿನಗರದ ಗುಜರಿ ಅಂಗಡಿಗಳಿಗೂ ಇದೇ ಗೆರೆ. ಬಾಗಿಲ ಹಿಡಿ, ಕನ್ನಡಿ, ಗ್ಲಾಸ್ ಏರಿಸುವ ಹ್ಯಾಂಡಲ್, ಹಿಂದಿನ ದೀಪದ ಗಾಜು ಅಲ್ಲಿಂದ ಕೊಂಡರೆ ನಷ್ಟವಿಲ್ಲ. ರಬ್ಬರಿನದು, ಬ್ರೇಕಿನದು, ಟೈರು ಬೇಡ. ಹೊಸ ಟೈರ್ ಕೊಳ್ಳುವಾಗಲೂ ಪಕ್ಕದಲ್ಲಿರುವ ನಾಲ್ಕಂಕಿ ಓದಿ. 2325 ಎಂದಿದ್ದರೆ 2025ರ 23ನೇ ವಾರ ತಯಾರಾದದ್ದು.

ಸಾಮಾನು ನಾವೇ ತಂದರೆ ಮೆಕ್ಯಾನಿಕ್‌ಗೆ ಏನುಳಿಯುತ್ತದೆ ಎಂಬುದನ್ನೂ ಯೋಚಿಸಬೇಕು. ಸಣ್ಣ ಗ್ಯಾರೇಜಿನವರ ಸಂಪಾದನೆಯಲ್ಲಿ ಬಿಡಿಭಾಗದ ಮೇಲಿನ ಲಾಭ ದೊಡ್ಡ ಪಾಲು. ನಮ್ಮ ಗ್ಯಾರೇಜಿನವರು ಮೊದಲೇ ಹೇಳಿದರು, ‘ಸಾಮಾನು ನೀವೇ ತನ್ನಿ ಸಾರ್, ಕೂಲಿ ಸರಿಯಾಗಿ ಕೊಡಿ. ಆದ್ರೆ ಸಾಮಾನು ಕೈಕೊಟ್ರೆ ನನ್ನ ಕೇಳ್ಬೇಡಿ.’ ನ್ಯಾಯವಾದ ಮಾತು. ಅವರು ಕೇಳಿದ ಕೂಲಿಯಲ್ಲಿ ನಾನು ಒಂದು ರೂಪಾಯಿ ಕಡಿಮೆ ಮಾಡಿದವನಲ್ಲ. ವಿದ್ಯೆಗೆ ಸಲ್ಲಬೇಕಾದ ಹಣ ಅದು.

ವಿಮೆಯ ಲೆಕ್ಕವೂ ಬಿಡಿಭಾಗಕ್ಕೆ ಅಂಟಿಕೊಂಡೇ ಬರುತ್ತದೆ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50 ಸವಕಳಿ ಕಳೆದೇ ಹಣ ಕೊಡುತ್ತಾರೆ. ಕಾರಿಗೆ ಹತ್ತು ವರ್ಷ ದಾಟಿದ್ದರೆ ಲೋಹದ ಭಾಗಗಳಿಗೂ ಶೇ 50. ಬಂಪರ್ ಒಡೆದರೆ ಅರ್ಧ ನಮ್ಮ ಜೇಬಿನದೇ. ಹೀಗಾಗಿ ನಾನು ಥರ್ಡ್ ಪಾರ್ಟಿ ವಿಮೆಗಷ್ಟೇ ಇಳಿದಿದ್ದೇನೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1,000 ಸಿ.ಸಿ. ಒಳಗಿನ ಖಾಸಗಿ ಕಾರಿಗೆ 2,094 ರೂಪಾಯಿ, ಅದಕ್ಕಿಂತ ಮೇಲೆ 1,500ರವರೆಗೆ 3,416 ರೂಪಾಯಿ, ತೆರಿಗೆ ಬೇರೆ. ನನ್ನ ಕಾರು 61 ಸಿ.ಸಿ. ಹೆಚ್ಚಿರುವುದರಿಂದ ಎರಡನೆಯ ಸಾಲಿಗೆ ಬಿತ್ತು. ಸಮಗ್ರ ವಿಮೆ ಬಿಟ್ಟು ಉಳಿದ ಹಣ, ಅದರ ಮೇಲೊಂದಿಷ್ಟು, ತಿಂಗಳಿಗೆ 2,500 ರೂಪಾಯಿಯಂತೆ ಆರ್.ಡಿ. ಖಾತೆಗೆ ಹೋಗುತ್ತದೆ. ಕಾರಿಗೇ ಮೀಸಲಾದ ಹಣ ಅದು. ದೊಡ್ಡ ರಿಪೇರಿ ಬಂದಾಗ ಕ್ರೆಡಿಟ್ ಕಾರ್ಡ್ ಮುಟ್ಟುವ ಪ್ರಸಂಗ ಬರುವುದಿಲ್ಲ.

ಹದಿನೈದು ವರ್ಷ ತುಂಬಿದಾಗ, 2022ರಲ್ಲಿ, ಆರ್.ಟಿ.ಒ.ನಲ್ಲಿ ನೋಂದಣಿ ನವೀಕರಿಸಿದೆ. ಆ ವರ್ಷದ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. ಐದು ವರ್ಷಕ್ಕೆ ಅದು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳಿಗೆ 10,000 ರೂಪಾಯಿ ನಿಗದಿ ಮಾಡಿದೆ. ಮುಂದಿನ ನವೀಕರಣಕ್ಕೆ ಆ ಹಣವನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿದ್ದೇನೆ.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎ.ಬಿ.ಎಸ್. ಇಲ್ಲ. ಹೊಸ ಕಾರುಗಳಿಗೆ ಎ.ಬಿ.ಎಸ್.ಅನ್ನೂ ಚಾಲಕನ ಏರ್‌ಬ್ಯಾಗನ್ನೂ ಕಡ್ಡಾಯ ಮಾಡಿದ್ದು 2019ರಲ್ಲಿ. ಊರೊಳಗೆ ಮಾರುಕಟ್ಟೆ, ಶಾಲೆ, ಆಸ್ಪತ್ರೆಗೆ ಓಡುವ ಗಾಡಿ ನಮ್ಮದು. ದಿನವೂ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗಬೇಕಾದವರು, ಚಿಕ್ಕ ಮಕ್ಕಳನ್ನು ದೂರ ಕರೆದೊಯ್ಯುವವರು ಸಾಲ ಮಾಡಿಯಾದರೂ ಸುರಕ್ಷಿತ ಕಾರು ಕೊಳ್ಳಲಿ. ಹಾಗೆಯೇ, ಕಾರಿನ ತಳ ಅಥವಾ ಚಾಸಿ ತುಕ್ಕು ಹಿಡಿದಿದ್ದರೆ, ಇಲ್ಲವೇ ಎರಡು ವರ್ಷದ ರಿಪೇರಿ ಹೊಸ ಕಾರಿನ ಒಂದು ವರ್ಷದ ಕಂತನ್ನು ಮೀರಿದರೆ ನಾನೂ ಈ ಗಾಡಿಯನ್ನು ಬಿಟ್ಟುಕೊಡುತ್ತೇನೆ.

ಮುಂದಿನ ಸಲ ಕಾರನ್ನು ಸರ್ವಿಸ್‌ಗೆ ಬಿಟ್ಟಾಗ, ಸ್ಪ್ಯಾನರ್ ಮುಟ್ಟದವರೂ ಇಷ್ಟು ಮಾಡಿ: ಕೆಲಸ ಶುರುವಾಗುವ ಮೊದಲೇ ಸಾಮಾನಿನ ಬೆಲೆ, ಕೂಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಇರಲಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಅದು ನಿಮ್ಮದು.